ದಡದ ಕೆಲಸ

ರೆನಾಟೊನಿಗೆ ದಡದ ಮೇಲೆ ಕೆಲಸ ಸಿಕ್ಕಿತು ಎಂದು ಗೊತ್ತಾದಾಗ ಎಲ್ಲರೂ ಅಭಿನಂದಿಸಿದ್ದು ಅವನ ಹೆಂಡತಿ ಜಾಹ್ನವಿಯನ್ನು. ಅವಳ ಆಫೀಸಿನ ಲಕ್ಷ್ಮೀಕಾಂತ ಕಾಫಿ ಕೊಡಿಸಿದ. ಪಕ್ಕದ ಮನೆಯ ತೆಲುಗು ಹೆಂಗಸು ಬೇಲಿಯ ಆಚೆಯಿಂದಲೇ, ಇನ್ನು ನಿಮಗೆ ಟೆನ್ಷನ್ ಇಲ್ಲ ಬಿಡಿ ಎಂದಳು. ಮೈಸೂರಿನಲ್ಲಿ ಅಮ್ಮ ವಸಂತಲಕ್ಷ್ಮಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಅದನ್ನು ಫೋನಿನಲ್ಲೇ ತೋರಿಸಿದರು.

“ಮದುವೆ ಆಗಿ ಇಷ್ಟು ವರ್ಷ ಆದ ಮೇಲೆ ಈಗ ನಿನ್ನ ಗಂಡ ನಿನ್ನ ಮನೇಲಿರ್ತಾನೆ. ಇನ್ನೇನು ಬೇಕು ಹೇಳು,” ಎಂದರು.

ಜಾಹ್ನವಿ ಎಲ್ಲರಿಗೂ ನಕ್ಕಳು. ಆ ನಗು ಮುಖದ ಮೇಲೆ ಸರಿಯಾಗಿ ಕೂರುತ್ತಿಲ್ಲ ಎಂಬುದು ಅವಳಿಗೇ ತಿಳಿಯುತ್ತಿತ್ತು.

ರೆನಾಟೊ ಫಿಲಿಪೀನ್ಸಿನ ಇಲೋಯ್ಲೊದವನು. ಅವನ ಅಪ್ಪ, ಚಿಕ್ಕಪ್ಪಂದಿರು, ಅಣ್ಣ, ಎಲ್ಲರೂ ಹಡಗಿನವರೇ. ಹತ್ತೊಂಬತ್ತನೆಯ ವಯಸ್ಸಿಗೆ ಸಿಯಾಟಲಿನ ಬೀಕನ್ ಹಿಲ್‌ನಲ್ಲಿದ್ದ ಸೋದರತ್ತೆಯ ಮನೆಗೆ ಬಂದವನು ಅಲಾಸ್ಕಾದ ಮೀನಿನ ಹಡಗು ಹತ್ತಿ, ಮೊದಲು ಮೀನು ಕೊಯ್ಯುವ ಸಾಲಿನಲ್ಲಿ ನಿಂತು, ಆಮೇಲೆ ಎಂಜಿನ್ ರೂಮಿಗೆ ಇಳಿದು, ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದು ಚೀಫ್ ಎಂಜಿನಿಯರ್ ಆದವನು. ಜನವರಿಯಲ್ಲಿ ಹೊರಟರೆ ಏಪ್ರಿಲ್‌ನಲ್ಲಿ ಬರುತ್ತಿದ್ದ. ಜೂನ್‌ನಲ್ಲಿ ಮತ್ತೆ ಹೊರಟರೆ ಚಳಿ ಶುರುವಾಗುವ ಹೊತ್ತಿಗೆ ಬರುತ್ತಿದ್ದ.

ಇಬ್ಬರೂ ಭೇಟಿಯಾಗಿದ್ದು ಬೆಲ್ವ್ಯೂನ ಒಂದು ಈಜುಕೊಳದಲ್ಲಿ, ದೊಡ್ಡವರಿಗೆ ಈಜು ಕಲಿಸುವ ತರಗತಿಯಲ್ಲಿ. ಸೊಂಟದ ಮಟ್ಟದ ನೀರಿನಲ್ಲಿ ಗೋಡೆಯ ಕಂಬಿ ಹಿಡಿದುಕೊಂಡು ನಿಂತಿದ್ದ ಜಾಹ್ನವಿ ಪಕ್ಕದಲ್ಲಿ ಅದೇ ಕಂಬಿ ಹಿಡಿದಿದ್ದ ಗಂಡಸನ್ನು, ನೀವೇನು ಕೆಲಸ ಮಾಡೋದು ಎಂದು ಕೇಳಿದಳು. ಹಡಗಿನಲ್ಲಿ ಎಂದ. ಹಡಗಿನಲ್ಲಿರೋರಿಗೆ ಈಜು ಬರಲ್ವಾ ಎಂದರೆ, ಅಲಾಸ್ಕಾದಲ್ಲಿ ನೀರಿಗೆ ಬಿದ್ದವನಿಗೆ ಈಜು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ, ಆದ್ದರಿಂದ ನಾವು ಬೀಳೋದೇ ಇಲ್ಲ ಎಂದ. ಅವಳಿಗೆ ನಗು ತಡೆಯಲಾಗದೆ ಮೂಗಿಗೆ ನೀರು ಹೋಯಿತು.

ಅವರಿಬ್ಬರ ನಡುವಿನ ಮಾತು ಇಂಗ್ಲಿಷಿನದು. ಅದರೊಳಗೆ ಅವನ ಕಡೆಯ ನಾಲ್ಕು ಪದ, ಇವಳ ಕಡೆಯ ನಾಲ್ಕು ಪದ ಬೆರೆತು ಯಾರಿಗೂ ಪೂರ್ತಿ ಅರ್ಥವಾಗದ ಒಂದು ಮನೆಮಾತು ಆಗಿತ್ತು. ಮೊದಲ ಸಲ ಅವನು ಅವಳನ್ನು ‘ಪಲಂಗ್ಗ’ ಎಂದು ಕರೆದಾಗ ಅವಳು ಕೆಂಪಾಗಿ ಎದ್ದು ನಿಂತಿದ್ದಳು. ಅವನ ಭಾಷೆಯಲ್ಲಿ ಅದು ‘ಮುದ್ದಿನವಳೇ’ ಎಂಬ ಮಾತು, ಮಂಚಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿಯುವ ಹೊತ್ತಿಗೆ ಅವನು ಮೂರು ಸಲ ಕ್ಷಮೆ ಕೇಳಿ ಆಗಿತ್ತು.

ಅಮ್ಮನಿಗೆ ಅಳಿಯ ಬೇರೆ ದೇಶದವನು, ಬೇರೆ ಮತದವನು ಎಂಬುದಕ್ಕಿಂತ ದೊಡ್ಡ ಕೊರಗು ಎಂದರೆ ಅವನು ಮನೆಯಲ್ಲಿರುವುದಿಲ್ಲ ಎಂಬುದು. ಜಾಹ್ನವಿ ಅಮ್ಮನಿಗೆ ಹೇಳಲಾಗದೆ ಉಳಿಸಿಕೊಂಡ ಮಾತು ಒಂದಿತ್ತು. ಅವಳ ಅಪ್ಪ ಬ್ಯಾಂಕಿನಿಂದ ದಿನಾ ಸಂಜೆ ಅದೇ ಹೊತ್ತಿಗೆ ಗೇಟು ತೆರೆಯುತ್ತಿದ್ದರು. ಆ ಗೇಟಿನ ಸದ್ದಿಗೆ ತಕ್ಕಂತೆ ಅಮ್ಮನ ಇಡೀ ದಿನ ಕತ್ತರಿಸಿ ಹೊಲಿದಂತಿರುತ್ತಿತ್ತು. ಅಪ್ಪ ಕೆಟ್ಟವರಲ್ಲ, ಗದರಿದವರೂ ಅಲ್ಲ. ಆದರೂ ಅಮ್ಮ ಮಧ್ಯಾಹ್ನ ಯಾರದೋ ಮನೆಯಲ್ಲಿ ಕೂತು ನಗುತ್ತಿದ್ದವರು, ಗಡಿಯಾರ ನೋಡಿ ಮಾತನ್ನು ಅರ್ಧಕ್ಕೇ ಮಡಚಿಕೊಂಡು ಏಳುತ್ತಿದ್ದುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ವರ್ಷದ ಹೆಚ್ಚಿನ ಪಾಲು ಸಮುದ್ರದಲ್ಲಿರುವ ಗಂಡ ಎಂದಾಗ ಅವಳ ಎದೆಯೊಳಗೆ ಏನೋ ಒಂದು ಹಗುರಾಗಿತ್ತು.

ಹಾಗೆಂದು ಪ್ರೀತಿಗೆ ಕೊರತೆಯಿರಲಿಲ್ಲ. ಅವನು ಬರುವ ವಾರ ಅವಳು ಇಸ್ಸಾಕ್ವಾ ಗುಡ್ಡದ ಮೇಲಿನ ತಮ್ಮ ಮನೆಯ ಕಿಟಕಿ ಗಾಜು ಒರೆಸುತ್ತಿದ್ದಳು. ಮಗಳು ಕವನಾ ಶಾಲೆಯಿಂದ ಓಡಿ ಬರುತ್ತಿದ್ದಳು. ಹುಣಸೆಹಣ್ಣಿನ ಒಂದೇ ಡಬ್ಬಿಯಿಂದ ಇವಳ ಸಾರೂ ಅವನ ಹುಳಿ ಮೀನಿನ ಸೂಪೂ ಆಗುತ್ತಿದ್ದವು. ಒಣಮೀನು ಹುರಿಯುವುದು ಮಾತ್ರ ಹೊರಗೆ, ಬಾಲ್ಕನಿಯ ಸಣ್ಣ ಒಲೆಯ ಮೇಲೆ. ಅದೊಂದು ಒಪ್ಪಂದ. ಅವನು ಬಂದರೆ ಹಬ್ಬ, ಹೋದರೆ ಮನೆ ಮತ್ತೆ ತನ್ನ ಪಾಡಿಗೆ ತಾನು. ಎರಡೂ ಅವಳಿಗೆ ಬೇಕಾಗಿದ್ದವು.

ಈಗ ಹಡಗಿನ ಕಂಪನಿ ಒಂದೊಂದು ಹಡಗಿನಲ್ಲಿದ್ದ ಎಂಜಿನಿಯರುಗಳನ್ನು ಕಡಿಮೆ ಮಾಡಿ, ಎಂಜಿನ್ನುಗಳಿಗೆಲ್ಲ ಸೆನ್ಸರ್ ಜೋಡಿಸಿ, ದಡದಿಂದಲೇ ಅವುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿತ್ತು. ಅನುಭವ ಇರುವವರು ಬೇಕು ಎಂದು ರೆನಾಟೊನನ್ನು ಕರೆದರು. ವಾರಕ್ಕೊಂದು ದಿನ ಸೌತ್ ಲೇಕ್ ಯೂನಿಯನ್‌ನ ಆಫೀಸು, ಉಳಿದ ದಿನ ಮನೆಯಿಂದಲೇ. ಅವನಿಗೆ ಹಡಗಿನಲ್ಲಿ ಉಳಿಯುವ ಆಯ್ಕೆ ಇರಲಿಲ್ಲ. ಆ ಜಾಗಕ್ಕೆ ಕಡಿಮೆ ವಯಸ್ಸಿನ ಒಬ್ಬ ಬಂದಾಗಿತ್ತು.

ಜನವರಿಯ ಮೊದಲ ವಾರ ಮಹಡಿಯ ಚಿಕ್ಕ ಕೋಣೆಗೆ ನಾಲ್ಕು ಪರದೆಗಳು ಬಂದವು. ಅಲ್ಲಿ ಇದ್ದ ಜಾಹ್ನವಿಯ ಮೇಜು ಊಟದ ಕೋಣೆಗೆ ಇಳಿಯಿತು. ಬೇರಿಂಗ್ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ ಐದು ಹಡಗುಗಳ ಎಂಜಿನ್ನುಗಳು ಆ ಪರದೆಗಳ ಮೇಲೆ ಹಸಿರು ಚುಕ್ಕೆಗಳಾಗಿ ಹೊಳೆದವು. ಏನಾದರೂ ಹೆಚ್ಚುಕಡಿಮೆ ಆದರೆ ಹಳದಿ, ಅಪಾಯವಾದರೆ ಕೆಂಪು. ಬೆಳಿಗ್ಗೆ ಆರಕ್ಕೆ ಕೂತವನು ಸಂಜೆ ಆರಕ್ಕೆ ಏಳುತ್ತಿದ್ದ.

ಮೊದಮೊದಲು ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಒಟ್ಟಿಗೆ ಉಂಡರು. ಕವನಾಳನ್ನು ಶಾಲೆಯಿಂದ ಕರೆತರಲು ಯಾರು ಹೋಗುವುದು ಎಂಬ ಗೊಂದಲ ತಪ್ಪಿತು. ಆಮೇಲೆ ಅವನ ಕೈಗಳು ಮನೆಯಲ್ಲಿ ಓಡಾಡಲು ಶುರು ಮಾಡಿದವು.

ಅಡಿಗೆಮನೆಯ ಕಪಾಟಿನ ಅಂಚಿಗೆಲ್ಲ ಅವನು ಸ್ಟೀಲಿನ ಸಣ್ಣ ಕಂಬಿ ಕೂರಿಸಿದ, ಡಬ್ಬಿಗಳು ಬೀಳದ ಹಾಗೆ.

“ಇಲ್ಲಿ ಅಲೆ ಎಲ್ಲಿಂದ ಬರುತ್ತೆ?” ಎಂದು ಜಾಹ್ನವಿ ಕೇಳಿದಳು.

“ಭೂಕಂಪ ಆದ್ರೆ?” ಎಂದ. ಅವಳ ಮುಖ ನೋಡಿ, “ಅಭ್ಯಾಸ,” ಎಂದು ಸೇರಿಸಿದ.

ಮೆಂತ್ಯ, ಇಂಗು, ಸಾಸಿವೆ ಎಲ್ಲವನ್ನೂ ದಿನಕ್ಕೆಷ್ಟು ಸಲ ಬೇಕಾಗುತ್ತವೆ ಎಂಬ ಲೆಕ್ಕದಲ್ಲಿ ಬೇರೆ ಜಾಗಕ್ಕೆ ಇಟ್ಟ. ಒಗ್ಗರಣೆಗೆ ಎಣ್ಣೆ ಕಾದು ಹೊಗೆ ಬರುತ್ತಿರುವಾಗ ಅವಳು ಸಾಸಿವೆಗಾಗಿ ಮೂರು ಕಪಾಟು ತೆರೆದಳು. ಬಟ್ಟೆ ಒಗೆಯುವ ಯಂತ್ರದ ಸದ್ದು ಸರಿಯಿಲ್ಲವೆಂದು ಅದನ್ನು ಬಿಚ್ಚಿ ಹರಡಿದ. ಎರಡು ದಿನ ಮನೆಯವರೆಲ್ಲರ ಒದ್ದೆ ಬಟ್ಟೆ ಬಚ್ಚಲ ತೊಟ್ಟಿಯಲ್ಲಿ ನೆನೆದವು. ಕವನಾ ಲೆಕ್ಕ ಮಾಡುವಾಗ ಹಿಂದೆ ನಿಂತು ನೋಡುತ್ತಿದ್ದ. ಅಪ್ಪ ಎಂದರೆ ಉಡುಗೊರೆ, ಐಸ್‌ಕ್ರೀಮು, ಮಲಗುವ ಹೊತ್ತು ಮೀರಿದ ಮೇಲೂ ಹಡಗಿನ ಕತೆ ಎಂದುಕೊಂಡಿದ್ದ ಮಗಳಿಗೆ, ದಿನಾ ಹಲ್ಲು ಉಜ್ಜಿದೆಯಾ ಎಂದು ಕೇಳುವ ಈ ಅಪ್ಪ ಯಾರು ಎಂದೇ ಆಯಿತು.

“ವೈ ಈಸ್ ಹಿ ಆಲ್ವೇಸ್ ಹಿಯರ್?” ಎಂದು ಒಂದು ದಿನ ಕಾರಿನಲ್ಲಿ ಕೇಳಿದಳು.

“ಹಾಗೆಲ್ಲ ಅನ್ನಬಾರ್ದು. ಅವನ ಮನೆ ಅದು,” ಎಂದಳು ಜಾಹ್ನವಿ. ಗದರಿದ್ದು ಮಗಳನ್ನೋ ತನ್ನನ್ನೋ ಅವಳಿಗೆ ತಿಳಿಯಲಿಲ್ಲ.

ಹಗಲೆಲ್ಲ ಮಹಡಿಯಲ್ಲಿ ಅವನ ಹೆಜ್ಜೆ ಕೇಳಿಸುತ್ತಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಎಷ್ಟೋ ಸಲ ಅವನು ಕೆಳಗೆ ಬಂದು ಫ್ರಿಜ್ ತೆರೆದು, ಏನೂ ತೆಗೆಯದೆ ಮುಚ್ಚಿ, ಮತ್ತೆ ಹತ್ತಿ ಹೋಗುತ್ತಿದ್ದ. ಒಣಮೀನು ಹುರಿಯುವುದು ಈಗ ವಾರಕ್ಕೆ ಎರಡು ಸಲ ಆಗುತ್ತಿತ್ತು. ಫೆಬ್ರವರಿಯ ಮಳೆಯಲ್ಲಿ ಬಾಲ್ಕನಿಯ ಬಾಗಿಲು ಪೂರ್ತಿ ಮುಚ್ಚದೆ ವಾಸನೆ ಒಳಗೆ ಬರುತ್ತಿತ್ತು.

“ಏನು ಬೇಕು ನಿಂಗೆ?” ಎಂದು ಅವಳು ಕೇಳಿದರೆ, “ಆಂಬೊಟ್,” ಎನ್ನುತ್ತಿದ್ದ. ಅವನ ಊರಿನ ಮಾತಿನಲ್ಲಿ ಅದಕ್ಕೆ ‘ಯಾರಿಗೆ ಗೊತ್ತು’ ಎಂದರ್ಥ.

ಅವಳಿಗಿದ್ದ ಒಂದೇ ಆಸರೆ ಎಂದರೆ ವಾರಕ್ಕೆ ಮೂರು ದಿನ ಫ್ಯಾಕ್ಟೋರಿಯಾದ ಆಫೀಸು. ಅವಳು ಒಂದು ಫೋನ್ ಕಂಪನಿಗೆ ಗ್ರಾಹಕರ ದೂರುಗಳನ್ನು ನಿಭಾಯಿಸಿ ಕೊಡುವ ಸಣ್ಣ ಸಂಸ್ಥೆಯಲ್ಲಿದ್ದಳು. ಹಿಂದೆ ಅವಳ ಕೈಕೆಳಗೆ ಒಂದು ದೊಡ್ಡ ತಂಡವೇ ಇತ್ತು. ಜನ ಫೋನಿನಲ್ಲಿ ಬೈಯುತ್ತಿದ್ದರು, ತಂಡದವರು ಸಮಾಧಾನ ಹೇಳುತ್ತಿದ್ದರು, ಊಟದ ಹೊತ್ತಿಗೆ ಆ ಬೈಗುಳಗಳನ್ನೆಲ್ಲ ಹೇಳಿಕೊಂಡು ನಗುತ್ತಿದ್ದರು. ಈಗ ಹೆಚ್ಚಿನ ದೂರುಗಳಿಗೆ ಯಂತ್ರವೇ ಉತ್ತರ ಕೊಡುತ್ತಿತ್ತು. ಅದು ಬರೆದ ಉತ್ತರ ಸರಿಯಾಗಿದೆಯೇ ಎಂದು ನೋಡಿ ಒಪ್ಪಿಗೆ ಒತ್ತುವುದು ಅವಳ ಕೆಲಸ. ತಂಡದಲ್ಲಿ ಉಳಿದವರು ಅವಳು ಮತ್ತು ಲಕ್ಷ್ಮೀಕಾಂತ.

ಮಾರ್ಚಿನಲ್ಲಿ ಮ್ಯಾನೇಜರ್ ಚೇತನ್ ಇಬ್ಬರನ್ನೂ ಕರೆದ. ಬೆಂಗಳೂರಿನ ಹುಡುಗ, ಒಳ್ಳೆಯವನೇ, ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವವನು.

“ಮೇಡಂ, ಈ ಆಫೀಸ್ ಸ್ಪೇಸ್ ಬಿಟ್ಬಿಡ್ತಿದಾರೆ. ಇಬ್ಬರಿಗೆ ಒಂದು ಫ್ಲೋರ್ ಯಾಕೆ ಅಂತ. ನೀವು ಪೂರ್ತಿ ಮನೆಯಿಂದ್ಲೇ ಮಾಡ್ಬೋದು. ನಿಮಗೆ ಅನುಕೂಲ ಅಲ್ವಾ, ಟ್ರಾಫಿಕ್ ಇಲ್ಲ,” ಎಂದ. ಲಕ್ಷ್ಮೀಕಾಂತನಿಗೆ ಮನೆಯಿಂದಲೂ ಕೆಲಸ ಇರಲಿಲ್ಲ. ಅವನ ಪಾಲಿನದೂ ಇನ್ನು ಜಾಹ್ನವಿಯದೇ.

ಲಕ್ಷ್ಮೀಕಾಂತ ತನ್ನ ಡ್ರಾಯರ್ ಖಾಲಿ ಮಾಡಿದ. ತನ್ನ ಮೇಜಿನ ಮೇಲಿದ್ದ ಬಿದಿರಿನ ಸಣ್ಣ ಕುಂಡವನ್ನು ಅವಳ ಕೈಗೆ ಕೊಟ್ಟು, “ನೀರು ಜಾಸ್ತಿ ಹಾಕ್ಬೇಡಿ,” ಎಂದು ಹೊರಟ.

ಮನೆಗೆ ಬಂದು ಹೇಳಿದಾಗ ರೆನಾಟೊ ಬಿದಿರಿನ ಕುಂಡವನ್ನು ಕಿಟಕಿಯ ಬಳಿ ಇಟ್ಟು, “ಹಾಗಾದ್ರೆ ನಾವಿಬ್ರೂ ಇಲ್ಲೇ,” ಎಂದ.

“ಹೌದು, ಇಬ್ರೂ ಇಲ್ಲೇ,” ಎಂದಳು.

ಅಮ್ಮನಿಗೆ ಅದು ಕೂಡ ಸಂತೋಷದ ಸುದ್ದಿಯಾಯಿತು. ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಇದ್ದು ದುಡಿಯುವುದು, ಬಿಸಿ ಬಿಸಿ ಉಣ್ಣುವುದು ಎಂದರೆ ಹಿಂದೆ ರಾಜರಿಗೂ ಇರಲಿಲ್ಲ ಎಂದರು. “ಅಮ್ಮ, ನಂಗೆ ಉಸಿರು ಕಟ್ಟತ್ತೆ,” ಎಂದು ಜಾಹ್ನವಿ ಹೇಳಿದಳು. ವಸಂತಲಕ್ಷ್ಮಿ ಗಾಬರಿಯಾಗಿ, “ಕಫವೇ? ಮೆಣಸಿನ ಕಷಾಯ ಕುಡಿ,” ಎಂದರು.

ಮೊದಲ ಸೋಮವಾರ ಅವಳು ಊಟದ ಮೇಜಿನ ಮುಂದೆ ಕೂತಳು. ತಲೆಯ ಮೇಲೆ ಹೆಜ್ಜೆಗಳು. ಯಂತ್ರ ಬರೆದ ಉತ್ತರಗಳು ಒಂದರ ಹಿಂದೊಂದು ಬರುತ್ತಿದ್ದವು, ಎಲ್ಲವೂ ವಿನಯವಾಗಿ, ಎಲ್ಲವೂ ಸರಿಯಾಗಿ. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ. ಹನ್ನೊಂದೂವರೆಗೆ ಅವನು ಕೆಳಗಿಳಿದು ಹಡಗಿನ ಹೊತ್ತಿಗೆ ಊಟಕ್ಕೆ ಕೂತು, ಅವಳ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಕೇಳಿ, ಅದರೊಳಗೆ ಧೂಳಿದೆ, ಬಿಚ್ಚಲೇ ಎಂದ. ಬೇಡ ಎಂದಳು. ಎರಡು ನಿಮಿಷ ಎಂದ. ಬೇಡ ಎಂದು ಇನ್ನೊಂದು ಸಲ ಹೇಳಿದ ದನಿಗೆ ಇಬ್ಬರೂ ಬೆಚ್ಚಿದರು.

ಮಂಗಳವಾರ ಅವಳು ಆಫೀಸಿನ ಬಟ್ಟೆ ಹಾಕಿಕೊಂಡು, ಮೊಸರನ್ನದ ಡಬ್ಬಿ ಕಟ್ಟಿಕೊಂಡು, “ಕೆಲವು ದಿನ ಬಂದು ಹೋಗಿ ಅಂದಿದಾರೆ. ಇನ್ನೂ ಪೂರ್ತಿ ಕ್ಲೋಸ್ ಮಾಡಿಲ್ಲ,” ಎಂದು ಕಾರು ಹತ್ತಿದಳು. ಹೇಳಿದ ಸುಳ್ಳಿಗಿಂತ, ಅದು ಎಷ್ಟು ಸಲೀಸಾಗಿ ಬಂತು ಎಂಬುದು ಅವಳನ್ನು ಚುಚ್ಚಿತು. ಮೊದಲು ಲೈಬ್ರರಿಗೆ ಹೋದಳು. ಅಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಆಮೇಲೆ ಅಭ್ಯಾಸಬಲದಿಂದ ಕಾರು ಫ್ಯಾಕ್ಟೋರಿಯಾಕ್ಕೇ ಹೋಯಿತು. ಹಳೆಯ ಆಫೀಸಿನ ಎದುರಿನ ಮಾಲ್‌ನಲ್ಲಿ, ಬಬಲ್ ಟೀ ಅಂಗಡಿಯ ಪಕ್ಕದ ಮೂಲೆಯಲ್ಲಿ ಒಂದು ಮೇಜು, ಪ್ಲಗ್ ಹಾಕಲು ಒಂದು ಜಾಗ ಸಿಕ್ಕಿತು. ಸುತ್ತ ಜನ ಇದ್ದರು. ಯಾರೋ ಮಗುವನ್ನು ಗದರುತ್ತಿದ್ದರು, ಯಾರೋ ಚಪ್ಪಲಿ ಬದಲಿಸಲು ಜಗಳವಾಡುತ್ತಿದ್ದರು. ಅದೇ ಯಂತ್ರ, ಅದೇ ಒಪ್ಪಿಗೆ, ಆದರೂ ಅವಳು ಅಲ್ಲಿ ಉಸಿರಾಡಿದಳು.

ಹೀಗೆ ಏಪ್ರಿಲ್ ಬಂತು. ದಿನಾ ಸಂಜೆ ಅವಳು ಆಫೀಸಿನ ಸುದ್ದಿಗಳನ್ನು ಕಟ್ಟಿ ಹೇಳುವುದು ಅಭ್ಯಾಸವಾಯಿತು. ಚೇತನ್ ಹೀಗಂದ, ಲಿಫ್ಟ್ ಕೆಟ್ಟಿತ್ತು. ರೆನಾಟೊ ತಲೆಯಾಡಿಸುತ್ತಿದ್ದ. ಅವನು ಇತ್ತೀಚೆಗೆ ಮನೆಯ ವಸ್ತುಗಳನ್ನು ಬಿಚ್ಚುವುದನ್ನು ನಿಲ್ಲಿಸಿದ್ದ. ಅದು ಒಳ್ಳೆಯ ಲಕ್ಷಣ ಎಂದು ಅವಳು ಅಂದುಕೊಂಡಳು.

ಒಂದು ಬುಧವಾರ ಮಧ್ಯಾಹ್ನ ಡಬ್ಬಿ ತೆರೆದು ಎರಡನೆಯ ತುತ್ತು ಬಾಯಿಗಿಟ್ಟವಳು ತಲೆಯೆತ್ತಿದಾಗ ಎದುರಿಗೆ ಗಂಡ ನಿಂತಿದ್ದ. ಒಂದು ಕೈಯಲ್ಲಿ ಟೆರಿಯಾಕಿ ಕೋಳಿಯ ಪೊಟ್ಟಣ, ಇನ್ನೊಂದರಲ್ಲಿ ಕಾರಿನ ಕೀ. ಅಂಗಿಯ ಜೇಬಿನಲ್ಲಿ ಕಂಪನಿಯ ಹೆಡ್‌ಫೋನ್ ಇಣುಕುತ್ತಿತ್ತು.

ಅವನು ಅವಳ ಡಬ್ಬಿಯನ್ನು, ಪಕ್ಕದ ಪ್ಲಗ್ಗನ್ನು ನೋಡಿದ.

“ನಿನ್ನ ಆಫೀಸು?” ಎಂದ ಅವನು.

“ನಿನ್ನ ಡ್ಯೂಟಿ?” ಎಂದಳು ಅವಳು.

ಅವನು ಕುರ್ಚಿ ಎಳೆದು ಕೂತ. ಪೊಟ್ಟಣವನ್ನು ಬಿಚ್ಚದೆ ಮುಂದಿಟ್ಟುಕೊಂಡ. “ಆಫೀಸ್ ಇಲ್ಲ ಅಂತ ನಂಗೆ ಗೊತ್ತು. ಎರಡು ವಾರದ ಹಿಂದೆ ನಿಂಗೆ ಊಟ ತಗೊಂಡು ಬಂದಿದ್ದೆ. ಬಾಗಿಲಿಗೆ ಬೀಗ ಹಾಕಿತ್ತು,” ಎಂದ.

ಜಾಹ್ನವಿ ಚಮಚ ಕೆಳಗಿಟ್ಟಳು. “ಕೇಳಲಿಲ್ಲ ಯಾಕೆ?”

“ಏನು ಕೇಳಲಿ? ನೀನು ಇನ್ಯಾರನ್ನೋ ನೋಡೋಕೆ ಹೋಗ್ತಿದೀಯ ಅಂತ ಒಂದು ದಿನ ಅಂದ್ಕೊಂಡೆ. ಆಮೇಲೆ ಹಿಂದೆನೇ ಬಂದೆ. ನೀನು ಇಲ್ಲಿ ಕೂತು ಒಬ್ಬಳೇ ಮೊಸರನ್ನ ತಿಂತಿದ್ದೆ. ಅದು ನೋಡಿ ಇನ್ನೂ ಕಷ್ಟ ಆಯ್ತು.”

“ರೆನಾಟೊ, ನಿನ್ನ ಹಡಗುಗಳನ್ನ ಯಾರು ನೋಡ್ತಿದಾರೆ ಈಗ?”

ಅವನು ನಕ್ಕ. ಸಂತೋಷದ ನಗುವಲ್ಲ. “ಅದನ್ನೇ ಹೇಳ್ಬೇಕು ಅಂತ ಇವತ್ತು ಎದುರಿಗೆ ಬಂದೆ,” ಎಂದ. “ಮೊದಲ ಸಲ ನಾನು ಕುರ್ಚಿ ಬಿಟ್ಟು ಎದ್ದಾಗ ಎರಡು ಸಲ ವಾಪಸ್ ಹತ್ತಿ ಪರದೆ ನೋಡಿ ಬಂದೆ. ಇಪ್ಪತ್ತು ವರ್ಷದಲ್ಲಿ ನಾನು ಡ್ಯೂಟಿ ಬಿಟ್ಟು ಎದ್ದವನಲ್ಲ. ವಾಪಸ್ ಬಂದು ನೋಡಿದ್ರೆ ಒಂದು ಹಳದಿ ಅಲಾರಂ ಬಂದು ಹೋಗಿತ್ತು. ಸಿಸ್ಟಮ್ಮೇ ಅದನ್ನ ನೋಡಿ, ಇನ್ನೊಂದು ಪಂಪ್ ಚಾಲೂ ಮಾಡಿ, ಆಪರೇಟರ್ ಒಪ್ಪಿದಾರೆ ಅಂತ ಬರೆದಿತ್ತು. ಆಪರೇಟರ್ ಅಂದ್ರೆ ನಾನು. ನಾನು ಇಲ್ಲಿ ಪಾರ್ಕಿಂಗ್‌ನಲ್ಲಿದ್ದೆ. ಯಾರೂ ಕೇಳಲಿಲ್ಲ, ಜಾನ. ಆಮೇಲಿಂದ ದಿನಾ ಎದ್ದು ಹೋಗ್ತೀನಿ. ಯಾರಾದ್ರೂ ಬೈತಾರಾ ಅಂತ ಕಾಯ್ತಿದೀನಿ.”

ಅವನಿಗೆ ಅವಳ ಹೆಸರಿನ ನಡುವಿನ ಒತ್ತು ಇಂದಿಗೂ ಬರುತ್ತಿರಲಿಲ್ಲ. ಜಾನ ಎಂದೇ ಕರೆಯುತ್ತಿದ್ದ.

ಅವಳು ಡಬ್ಬಿ ಮುಚ್ಚಿದಳು. ಆ ಕ್ಷಣದಲ್ಲಿ ಅವಳ ಲ್ಯಾಪ್‌ಟಾಪಿನ ಮೇಲೂ ಉತ್ತರಗಳು ಬಂದು ಸಾಲಾಗಿ ಕಾಯುತ್ತಿದ್ದವು. ತಾನು ಒತ್ತದಿದ್ದರೂ ಇನ್ನು ಸ್ವಲ್ಪ ಹೊತ್ತಿಗೆ ಅವು ತಾವಾಗಿಯೇ ಹೊರಟುಹೋಗುತ್ತವೆ ಎಂದು ಚೇತನ್ ಹಿಂದಿನ ವಾರವಷ್ಟೇ ಹೇಳಿದ್ದ. ಅದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ.

“ನೀನು ಮನೇಲಿರೋದು ನಂಗೆ ಕಷ್ಟ ಆಗ್ತಿದೆ,” ಎಂದಳು. ಮಾತು ಹೊರಬಿದ್ದ ಮೇಲೆ ಹಿಂತೆಗೆಯಲಾಗಲಿಲ್ಲ. “ನೀನು ಅಂತಲ್ಲ. ದಿನಾ, ಎಲ್ಲಾ ಹೊತ್ತೂ... ನಾನು ಮದುವೆ ಆಗಿದ್ದು ಹೋಗಿ ಬರೋ ಗಂಡನ್ನ.”

ಅವನು ಮೇಜನ್ನೇ ನೋಡುತ್ತಿದ್ದ. “ನಮ್ಮಮ್ಮ ಒಂದು ಸಲ ಹೇಳಿದ್ಲು,” ಎಂದ ನಿಧಾನವಾಗಿ, “ಅಪ್ಪ ರಿಟೈರ್ ಆಗಿ ಬಂದಾಗ ಅವಳಿಗೆ ಬಾಗಿಲಲ್ಲಿ ಯಾರೋ ಅಪರಿಚಿತ ನಿಂತ ಹಾಗಾಯ್ತಂತೆ. ಅಪ್ಪ ಹೆಚ್ಚು ದಿನ ಬದುಕಲಿಲ್ಲ. ಬದುಕಿದ್ದಿದ್ರೆ ಇಬ್ಬರಿಗೂ ಪರಿಚಯ ಆಗ್ತಿತ್ತೇನೋ ಅಂತ ಅಳ್ತಿದ್ಲು. ನಾನು ಹಾಗಾಗಬಾರ್ದು ಅಂತ ಈ ಕೆಲಸಕ್ಕೆ ಖುಷಿಯಿಂದ ಹೂಂ ಅಂದಿದ್ದೆ. ನಿಂಗೆ ಅದು ಗೊತ್ತಾ?”

ಗೊತ್ತಿರಲಿಲ್ಲ. ಬೇರೆ ದಾರಿ ಇಲ್ಲದೆ ಒಪ್ಪಿದ ಎಂದೇ ಅವಳು ತಿಳಿದಿದ್ದಳು. ಅವನ ಖುಷಿಯನ್ನು ನೋಡಿಯೂ ನೋಡಿರಲಿಲ್ಲ. ಜನವರಿಯಲ್ಲಿ ಅವನು ಕಪಾಟಿಗೆ ಕಂಬಿ ಕೂರಿಸಿ ಅವಳ ಮುಖ ನೋಡಿದ್ದು ನೆನಪಾಗಿ ಅವಳಿಗೆ ಕಣ್ಣು ತುಂಬಿತು. ಬಬಲ್ ಟೀ ಅಂಗಡಿಯ ಹುಡುಗಿ ಕಾಗದದ ಕರವಸ್ತ್ರದ ಕಂತೆಯನ್ನೇ ತಂದು ಮೇಜಿನ ಮೇಲಿಟ್ಟು ಏನೂ ಕೇಳದೆ ಹೋದಳು.

“ನೀನು ಸಂತೋಷವಾಗಿದೀಯಾ ಹೇಳು,” ಎಂದಳು ಜಾಹ್ನವಿ. “ನನ್ನ ವಿಷಯ ಬಿಡು.”

“ಇಲ್ಲ,” ಎಂದ. “ಎಂಜಿನ್ ಹತ್ರ ನಿಂತ್ರೆ ಪಾದದಲ್ಲಿ ಗೊತ್ತಾಗುತ್ತೆ. ಇಲ್ಲಿ ಬರೀ ಹಸಿರು ಚುಕ್ಕೆ. ನಂಗೆ ಹುಚ್ಚು ಹಿಡಿಯುತ್ತೆ.”

“ಹಾಗಾದ್ರೆ ಹೋಗು.”

“ನಾನು ಹೋಗ್ಲಿ ಅಂತ ಹೇಳ್ತಿದೀಯಾ, ನಂಗೆ ಹೋಗೋದು ಬೇಕು ಅಂತ ಹೇಳ್ತಿದೀಯಾ?”

ಅವಳು ಒದ್ದೆ ಕಾಗದವನ್ನು ಮಡಚಿಟ್ಟು, “ಎರಡೂ,” ಎಂದಳು.

ಆ ಮಾತು ಅವನಿಗೆ ನೋವು ಮಾಡಿತು. ಅದನ್ನು ಅವನು ಮುಚ್ಚಿಡಲಿಲ್ಲ. ಕೋಳಿಯ ಪೊಟ್ಟಣ ಎತ್ತಿಕೊಂಡು ಒಬ್ಬನೇ ಕಾರಿಗೆ ಹೋದ. ಆ ವಾರವೆಲ್ಲ ಮನೆಯಲ್ಲಿ ಮಾತು ಕಡಿಮೆಯಾಯಿತು. ಉಪ್ಪು ಕೊಡು, ಕವನಾಗೆ ಜ್ಯಾಕೆಟ್, ಅಷ್ಟೇ. ಆದರೆ ಸುಳ್ಳು ನಿಂತಿತು. ಅವಳು ಮಾಲ್‌ಗೆ ಹೋಗುವಾಗ ಮಾಲ್‌ಗೆ ಹೋಗ್ತಿದೀನಿ ಎಂದಳು. ಅವನು ಕುರ್ಚಿ ಬಿಟ್ಟು ಎದ್ದಾಗ ಕಂಪನಿಗೇ ಫೋನ್ ಮಾಡಿ, ನಾನು ದಿನಾ ಎದ್ದು ಹೋಗುತ್ತಿದ್ದೇನೆ, ನಿಮಗೆ ಗೊತ್ತಾಗಿದೆಯೇ ಎಂದು ಕೇಳಿದ. ಅಲ್ಲಿದ್ದವನು ಗಾಬರಿಯಾಗಿ, ಇದನ್ನು ನೀವು ಹೇಳಲೇಬಾರದಿತ್ತು ಎಂದ. ಎರಡು ವಾರದಲ್ಲಿ ಅವನ ಕೆಲಸ ಮುಗಿಯಿತು. ಜಗಳವಿರಲಿಲ್ಲ. ಪರದೆಗಳನ್ನು ಒಯ್ಯಲು ಬಂದವರಿಗೆ ಅವನೇ ಚಹಾ ಕೊಟ್ಟ.

ದೊಡ್ಡ ಹಡಗುಗಳಲ್ಲಿ ಜಾಗವಿರಲಿಲ್ಲ. ಡುವಾಮಿಶ್ ನದಿಯ ದಂಡೆಯ ಒಂದು ಸಣ್ಣ ಕಂಪನಿಯ ಟಗ್ ದೋಣಿಯಲ್ಲಿ, ಸರಕು ತುಂಬಿದ ಬಾರ್ಜನ್ನು ಹಗ್ಗ ಕಟ್ಟಿ ಅಲಾಸ್ಕಾದ ಊರುಗಳಿಗೆ ಎಳೆದೊಯ್ಯುವ ಕೆಲಸ ಸಿಕ್ಕಿತು. ಚೀಫ್ ಅಲ್ಲ, ಸಹಾಯಕ. ಮೂರು ವಾರ ಹೊರಗೆ, ಮೂರು ವಾರ ಮನೆ. ಹಳೆಯ ಎಂಜಿನ್ನು, ಸೆನ್ಸರ್ ಕಡಿಮೆ, ಎಣ್ಣೆ ಸೋರುತ್ತದೆ ಎಂದು ಹೇಳುವಾಗ ಅವನ ಮುಖದಲ್ಲಿ ತಿಂಗಳುಗಳಿಂದ ಕಾಣದ ಬೆಳಕಿತ್ತು.

“ಮೂರು ವಾರ ಇಲ್ಲಿರ್ತೀನಿ ಪ್ರತಿ ಸಲ. ಅಷ್ಟು ತಡ್ಕೋತೀಯಾ?” ಎಂದು ಕೇಳಿದ.

“ಕಪಾಟು ಮುಟ್ಟದಿದ್ರೆ,” ಎಂದಳು. ಇಬ್ಬರೂ ನಕ್ಕರು. ಪೂರ್ತಿ ಹಗುರಾದ ನಗುವಲ್ಲ, ಆದರೂ ನಗು.

ವಸಂತಲಕ್ಷ್ಮಿ ವಿಷಯ ಕೇಳಿ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ, “ನಿನ್ನ ಸಂಸಾರ ನಂಗೆ ಅರ್ಥ ಆಗಲ್ಲ ಕಣೇ,” ಎಂದಷ್ಟೇ ಹೇಳಿ, ಮಾವಿನಕಾಯಿ ಉಪ್ಪಿನಕಾಯಿ ಕಳಿಸಲು ಯಾರಾದರೂ ಬರುವವರಿದ್ದಾರಾ ಎಂದು ಕೇಳಿದರು.

ಮೇ ಕೊನೆಯಲ್ಲಿ ಅವನು ಹೊರಟ. ಅವಳು ತನ್ನ ಮೇಜನ್ನು ಮತ್ತೆ ಮಹಡಿಗೆ ಏರಿಸಿದಳು. ಮನೆಯಲ್ಲಿ ಬೇರೆ ಹೆಜ್ಜೆಯ ಸದ್ದಿಲ್ಲ. ಬಯಸಿದ್ದು ಸಿಕ್ಕಿತ್ತು. ಆದರೆ ಕೂತರೆ ಕೂರಲಾಗಲಿಲ್ಲ. ಉತ್ತರಗಳು ಬಂದವು, ಅವಳು ಒತ್ತುವ ಮೊದಲೇ ಹೊರಟುಹೋದವು. ಈ ಕೆಲಸ ಇನ್ನೆಷ್ಟು ದಿನವೋ. ಅವನಿಗೆ ಮರಳಿ ಹೋಗಲು ಒಂದು ಎಂಜಿನ್ನಾದರೂ ಇತ್ತು. ತನಗೆ ಎಲ್ಲಿಗೆ ಮರಳುವುದು ಎಂದು ಅವಳಿಗೆ ಹೊಳೆಯಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಾನೇ ನಡೆಯುತ್ತಿದ್ದೇನೆ ಎಂದು ಒಂದು ಮಧ್ಯಾಹ್ನ ಗೊತ್ತಾಗಿ ನಿಂತುಬಿಟ್ಟಳು.

ಅಂದು ಸಂಜೆ ಕವನಾ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, ಬರೆಯದೆ, “ಯೂ ಸೆಂಟ್ ಹಿಮ್ ಅವೇ,” ಎಂದಳು. ಅಳುತ್ತಿರಲಿಲ್ಲ. ಬರೀ ಹೇಳಿದಳು.

“ನಿಂಗೇ ಅವನು ಮನೇಲಿರೋದು ಇಷ್ಟ ಇರಲಿಲ್ಲ,” ಎಂದಳು ಜಾಹ್ನವಿ.

“ಐ ಗಾಟ್ ಯೂಸ್ಡ್ ಟು ಇಟ್.”

ಜಾಹ್ನವಿಗೆ ಮಗಳಿಗೆ ಸಮಾಧಾನ ಹೇಳುವ ಮಾತುಗಳು ಹತ್ತು ಹೊಳೆದವು. ಎಲ್ಲವೂ ವಿನಯವಾಗಿ, ಎಲ್ಲವೂ ಸರಿಯಾಗಿ ಇದ್ದವು. ಅವನ್ನೆಲ್ಲ ಬಿಟ್ಟು, “ಹೌದು. ನಾನು ಕಳಿಸಿದೆ, ಅವನೂ ಹೋದ. ನಂಗೆ ಒಂದು ಕಡೆ ಹಗುರ ಆಗಿದೆ, ಒಂದು ಕಡೆ ತಪ್ಪು ಮಾಡಿದೆ ಅನ್ಸುತ್ತೆ. ನಂಗೂ ಇನ್ನೂ ಗೊತ್ತಿಲ್ಲ ಕವನಾ,” ಎಂದಳು. ಮಗಳು ಅವಳನ್ನು ದೊಡ್ಡವರು ನೋಡುವಂತೆ ನೋಡಿ, ಪೆನ್ಸಿಲು ಎತ್ತಿಕೊಂಡಳು.

ಜುಲೈನಲ್ಲಿ ಅವನು ಮೂರು ವಾರ ಇದ್ದು ಮತ್ತೆ ಹೊರಟ ದಿನ ಮಧ್ಯಾಹ್ನ ದೋಣಿಯಿಂದಲೇ ಫೋನ್ ಮಾಡಿದ. ನಾಲ್ಕರ ಹೊತ್ತಿಗೆ ಎಡ್ಮಂಡ್ಸ್ ಊರನ್ನು ದಾಟುತ್ತೇವೆ, ದಡದಿಂದ ಕಾಣಬಹುದು ಎಂದ. ಜಾಹ್ನವಿ ಲ್ಯಾಪ್‌ಟಾಪ್ ಮುಚ್ಚಿದಳು, ಯಾರನ್ನೂ ಕೇಳಲಿಲ್ಲ. ಕವನಾಳನ್ನು ಕೂರಿಸಿಕೊಂಡು ಟ್ರಾಫಿಕ್‌ನಲ್ಲಿ ತೆವಳಿ, ಎಡ್ಮಂಡ್ಸ್‌ನಲ್ಲಿ ನೀರಿನೊಳಕ್ಕೆ ಚಾಚಿದ, ಮೀನು ಹಿಡಿಯುವವರ ಕಟ್ಟೆಯ ತುದಿಗೆ ಬಂದು ನಿಂತಳು. ಗಾಳಿ ಜೋರಾಗಿತ್ತು. ಕಟ್ಟೆಯ ಮೇಲೆ ಏಡಿಯ ಬಲೆ ಬಿಟ್ಟ ಮುದುಕರು, ಆಲೂಗಡ್ಡೆ ಚಿಪ್ಸ್‌ಗೆ ಕಾದ ಹಕ್ಕಿಗಳು.

ದೂರದಲ್ಲಿ ಒಂದಲ್ಲ, ಎರಡು ಟಗ್‌ಗಳು ಕಂಡವು. ಎರಡರ ಹಿಂದೆಯೂ ಸರಕಿನ ದೊಡ್ಡ ಪೆಟ್ಟಿಗೆಗಳನ್ನು ಪೇರಿಸಿದ ಬಾರ್ಜುಗಳು, ಕಣ್ಣಿಗೆ ಕಾಣದ ಹಗ್ಗದ ತುದಿಯಲ್ಲಿ ಬಹಳ ಹಿಂದೆ. ಮುಂದಿನದು ಬಿಳಿ, ಹಿಂದಿನದು ಕೆಂಪೋ ಕಂದೋ. ಬಣ್ಣ ಯಾವುದು ಎಂದು ಕೇಳಿಕೊಳ್ಳುವುದು ಅವಳಿಗೆ ಮರೆತುಹೋಗಿತ್ತು. ಫೋನ್ ಮಾಡಿದರೆ ಅವನು ಎತ್ತಲಿಲ್ಲ, ಎಂಜಿನ್ ರೂಮಿನಲ್ಲಿರಬೇಕು.

“ಮುಂದಿನದು ಅನ್ಸುತ್ತೆ,” ಎಂದಳು ಜಾಹ್ನವಿ.

“ನೋ. ದಟ್ ಒನ್,” ಎಂದು ಕವನಾ ಹಿಂದಿನದನ್ನು ತೋರಿಸಿದಳು.

“ಹೇಗೆ ಹೇಳ್ತೀಯ?”

ಮಗಳು ಜ್ಯಾಕೆಟ್ ಬಿಚ್ಚಿ ಬೀಸತೊಡಗಿದಳು. ಜಾಹ್ನವಿಯೂ ಕೈಯೆತ್ತಿದಳು. ಮೊದಲು ಮುಂದಿನದರ ಕಡೆಗೆ, ಆಮೇಲೆ ಹಿಂದಿನದರ ಕಡೆಗೆ. ಯಾವ ದೋಣಿಯಲ್ಲೂ ಯಾರೂ ಕೈಬೀಸಿದ್ದು ಕಾಣಲಿಲ್ಲ. ಚಳಿಯಾದರೂ ಇಬ್ಬರೂ ಅಲ್ಲೇ ನಿಂತರು, ಎರಡೂ ದೋಣಿಗಳು ದ್ವೀಪದ ಮರೆಗೆ ಹೋಗುವ ತನಕ. ಅದಕ್ಕೆ ತುಂಬ ಹೊತ್ತು ಹಿಡಿಯಿತು.